ವಾದ್ಯವೃಂದದ ಕಚೇರಿಗೆ ಟಿಕೇಟು: ಒಂದು ಪಾಠ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ಲೇಖನವು ಶಾಲೆಯ ಕಟ್ಟಡ, ಪರೀಕ್ಷೆಯ ಫಲಿತಾಂಶ, ಆಟದ ಬಯಲು ಇವುಗಳನ್ನು ಕುರಿತದ್ದಾಗಿರಬೇಕೆಂಬುದು ವಾಡಿಕೆ. ಆ ವರದಿಯನ್ನು ನೀವು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಕಾಣುವಿರಿ. ನಾನಾದರೋ ಇಲ್ಲಿ ತರಗತಿಯಲ್ಲಿ ನಿಂತಂತೆ ನಿಂತು ಒಂದು ಪಾಠವನ್ನು ಹೇಳಬೇಕೆಂದಿದ್ದೇನೆ. ಪಾಠದ ವಸ್ತುವು ಅಂಗೈಯಲ್ಲಿ ಮಡಚಿ ಹಿಡಿಯಬಹುದಾದಷ್ಟು ಸಣ್ಣದು. ಅದು ಸಂಗೀತ ಕಚೇರಿಯ ಒಂದು ಟಿಕೇಟು. ಈ ವಸ್ತುವನ್ನು ಆರಿಸಿಕೊಳ್ಳಲು ಕಾರಣವಾದದ್ದು ಒಂದು ಕಾಗದ.

ನಮ್ಮ ಶಾಲೆಯಲ್ಲಿ ಓದಿ, ದಾದಿಯ ಕಲಿಕೆಯನ್ನು ಮುಗಿಸಿ, ಈಗ ಲಂಡನ್ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ನನಗೆ ಬರೆದಳು. ಅವಳು ಇಲ್ಲಿದ್ದಾಗ ಕ್ರಿಸ್ಮಸ್ ಹಬ್ಬದ ಗಾಯನ ಮೇಳದಲ್ಲಿ ಹಾಂಡೆಲನ ‘ಹಲ್ಲೆಲೂಯ’ ಗೀತದ ಕೆಳದನಿಯನ್ನು ಮೂರು ವರ್ಷ ಹಾಡಿದವಳು. ಆ ಗೀತವು ಸೇರಿರುವ ‘ಮೆಸ್ಸಾಯ’ ಎಂಬ ಪೂರ್ಣ ಕೃತಿಯನ್ನು ದೊಡ್ಡ ವಾದ್ಯವೃಂದದೊಡನೆ ಹಾಡುವರೆಂಬ ಪ್ರಕಟಣೆಯನ್ನು ಅವಳು ಅಲ್ಲಿ ಕಂಡಳು. ಟಿಕೇಟುಗಳೆಲ್ಲಾ ತೀರಿಹೋಗಿದ್ದವು. ಆಗ ಅಪರಿಚಿತನೊಬ್ಬನಿಂದ ಮೊಬೈಲಿನ ಮೂಲಕ ಮೂರು ಪಾಲು ಬೆಲೆ ಕೊಟ್ಟು ಒಂದು ಟಿಕೇಟನ್ನು ಕೊಂಡುಕೊಂಡಳು. ಒಳ್ಳೆಯ ಸೀರೆಯನ್ನುಟ್ಟು ಬಾಗಿಲಿಗೆ ಹೋದಾಗ ಅಲ್ಲಿದ್ದವರು, “ಈ ಟಿಕೇಟಿನಲ್ಲಿ ಆಗಲೇ ಒಬ್ಬರು ಒಳಗೆ ಹೋಗಿದ್ದಾರೆ” ಎಂದು ಮರ್ಯಾದೆಯಿಂದಲೇ ತಿಳಿಸಿ ಅವಳನ್ನು ಹಿಂದಕ್ಕೆ ಕಳುಹಿಸಿದರು.

ಅವಳು ಬರೆದದ್ದು ಹೀಗೆ: “ಟೀಚರಮ್ಮಾ, ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕುಳಿತಿದ್ದು ಬಸ್ಸು ಹಿಡಿದು ಕೋಣೆಗೆ ಬಂದೆನು. ಹಣ ಹೋದದ್ದಕ್ಕೆ ಅಷ್ಟು ದುಃಖವಿಲ್ಲ. ನಮ್ಮಂಥವರಿಗೆ ಇದೆಲ್ಲಾ ಯಾಕೆ ಬೇಕಿತ್ತು ಎಂದು ತೋರಿತು. ಊರಲ್ಲಿರುವ ತಾಯಿಗೆ ಕಳುಹಿಸಬಹುದಾಗಿದ್ದ ಹಣದಲ್ಲಿ ಇಂಥ ಆಸೆ ಪಟ್ಟದ್ದೇ ತಪ್ಪಲ್ಲವೇ?”

ಈ ಕಾಗದದಲ್ಲಿ ಎರಡು ಪ್ರಶ್ನೆಗಳಿವೆ. ಟಿಕೇಟನ್ನು ಮೋಸಹೋಗದೆ ಕೊಳ್ಳುವುದು ಹೇಗೆ ಎಂಬುದು ಒಂದು. ನಮ್ಮಂಥವರು ಅದನ್ನು ಕೊಳ್ಳಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೇಳುವುದು ಸುಲಭ. ಎರಡನೆಯದು ನನ್ನನ್ನು ಅನೇಕ ದಿವಸ ಕಾಡಿತು. ಎರಡಕ್ಕೂ ಉತ್ತರವನ್ನು ಹೇಳಬೇಕಾದರೆ ಟಿಕೇಟು ಹುಟ್ಟಿದ ಚರಿತ್ರೆಯಿಂದಲೇ ತೊಡಗುವುದು ಒಳ್ಳೆಯದು.

1. ಟಿಕೇಟು ಹುಟ್ಟಿದ ಬಗೆ

ಯುರೋಪಿನಲ್ಲಿ ಬಹುಕಾಲದ ವರೆಗೆ ಒಳ್ಳೆಯ ವಾದ್ಯಸಂಗೀತವು ಎರಡೇ ಕಡೆಗಳಲ್ಲಿ ಕೇಳಬರುತ್ತಿತ್ತು: ಅರಸರ ಮತ್ತು ಪ್ರಭುಗಳ ಮನೆಗಳಲ್ಲಿ, ಹಾಗೂ ದೇವಾಲಯಗಳಲ್ಲಿ. ಅರಮನೆಗೆ ಕರೆಯಿಲ್ಲದೆ ಹೋಗಕೂಡದು. ಹಣವಿದ್ದರೂ ಕುಲವಿಲ್ಲದವನಿಗೆ ಅಲ್ಲಿ ಪ್ರವೇಶವಿರಲಿಲ್ಲ.

1672ನೆಯ ಇಸವಿ ದಶಂಬರ 30ನೆಯ ತಾರೀಕಿನಲ್ಲಿ ಲಂಡನಿನ ‘ಗೆಜೆಟ್’ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂದಿತು. ಮೊದಲು ಅರಸನ ಪಿಟೀಲು ಮೇಳದ ನಾಯಕನಾಗಿದ್ದ ಜಾನ್ ಬ್ಯಾನಿಸ್ಟರ್ ಎಂಬವನು ಫ್ಲೀಟ್ ಬೀದಿಯ ಹತ್ತಿರವಿರುವ ವೈಟ್‌ಫ್ರೈಯರ್ಸ್ ಎಂಬಲ್ಲಿನ ತನ್ನ ಮನೆಯಲ್ಲಿ ಮಧ್ಯಾಹ್ನ ಸರಿಯಾಗಿ ನಾಲ್ಕು ಗಂಟೆಗೆ ಸಂಗೀತವನ್ನು ನಡಿಸುವನೆಂದು ಅದರಲ್ಲಿತ್ತು. ತಲೆಗೆ ಒಂದು ಶಿಲ್ಲಿಂಗನ್ನು ಕೊಟ್ಟವರು ಯಾರಾದರೂ ಒಳಗೆ ಹೋಗಿ ಕುಳಿತುಕೊಳ್ಳಬಹುದಾಗಿತ್ತು. ಹಣ ಕೊಟ್ಟು ಸಾರ್ವಜನಿಕರು ಕೇಳುವ ಕಚೇರಿಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ.

ಇದಾದ ಆರು ವರ್ಷಗಳ ಮೇಲೆ, 1678ರಲ್ಲಿ, ಅದೇ ಪಟ್ಟಣದ ಕ್ಲರ್ಕೆನ್‌ವೆಲ್ ಎಂಬ ಕೇರಿಯಲ್ಲಿ ಥಾಮಸ್ ಬ್ರಿಟನ್ ಎಂಬ ಇದ್ದಲು ಮಾರುವವನು ತನ್ನ ಇದ್ದಲಿನ ಉಗ್ರಾಣದ ಮೇಲಣ ಅಟ್ಟದಲ್ಲಿ ಕಚೇರಿಗಳನ್ನು ಆರಂಭಿಸಿದನು. ಹಗಲೆಲ್ಲಾ ಮೂಟೆಯನ್ನು ಹೊತ್ತು ಬೀದಿ ಬೀದಿ ಇದ್ದಲು ಮಾರಿ, ಸಾಯಂಕಾಲ ಕೈ ತೊಳೆದುಕೊಂಡು ಸಂಗೀತಕ್ಕೆ ಕುಳಿತುಕೊಳ್ಳುವನು. ಇಕ್ಕಟ್ಟಾದ ಹೊರಮೆಟ್ಟಿಲುಗಳನ್ನೇರಿ ದೊಡ್ಡ ಮನೆತನದವರೂ ಆ ಅಟ್ಟಕ್ಕೆ ಬಂದರು. 1714ರಲ್ಲಿ ಅವನು ತೀರಿಹೋಗುವ ತನಕ, ಅಂದರೆ 36 ವರ್ಷ, ಆ ಕಚೇರಿಗಳು ನಡೆದವು. “ನಮ್ಮಂಥವರಿಗೆ ಇದೆಲ್ಲಾ ಯಾಕೆ” ಎಂದು ಆ ಇದ್ದಲು ಮಾರುವವನು ಅಂದುಕೊಂಡಿದ್ದರೆ ಲಂಡನ್ ಪಟ್ಟಣವು ಎಷ್ಟೋ ಸಂಗೀತವನ್ನು ಕಳೆದುಕೊಳ್ಳುತ್ತಿತ್ತು.

ಇಲ್ಲಿ ಗಮನಿಸತಕ್ಕ ಸಂಗತಿ ಯಾವುದೆಂದರೆ, ಅರಮನೆಯ ಬಾಗಿಲಲ್ಲಿ “ನೀನು ಯಾರು?” ಎಂದು ಕೇಳುತ್ತಿದ್ದರು. ಟಿಕೇಟಿನ ಬಾಗಿಲಲ್ಲಿ “ಟಿಕೇಟು ಇದೆಯೇ?” ಎಂದು ಮಾತ್ರ ಕೇಳುತ್ತಾರೆ. ಹೀಗೆ ಟಿಕೇಟೆಂಬುದು ಮೊದಲು ಜನರನ್ನು ಒಳಗೆ ಬಿಡುವುದಕ್ಕಾಗಿಯೇ ಹುಟ್ಟಿತು. ಹಣವಿಲ್ಲದವರನ್ನು ಅದು ಹೊರಗಿರಿಸುವುದೂ ನಿಜವೇ. ಆ ವಿಷಯಕ್ಕೆ ಮುಂದೆ ಬರುವೆನು.

2. ಡಬ್ಲಿನ್ ಪಟ್ಟಣದ ಟಿಕೇಟು

ನಮ್ಮ ವಿದ್ಯಾರ್ಥಿನಿಯು ಕೇಳಲಾರದೆ ಹೋದ ‘ಮೆಸ್ಸಾಯ’ ಕೃತಿಯು ಮೊಟ್ಟಮೊದಲು ಕೇಳಬಂದದ್ದು ಲಂಡನಿನಲ್ಲಿ ಅಲ್ಲ. 1742ನೆಯ ಇಸವಿ ಎಪ್ರಿಲ್ 13ರಂದು ಮಧ್ಯಾಹ್ನ ಅಯರ್ಲೆಂಡಿನ ಡಬ್ಲಿನ್ ಪಟ್ಟಣದ ಫಿಶಾಂಬಲ್ ಬೀದಿಯ ಸಂಗೀತ ಶಾಲೆಯಲ್ಲಿ ಅದನ್ನು ಮೊದಲು ನಡಿಸಿದರು. ಟಿಕೇಟಿನ ಬೆಲೆ ಅರ್ಧ ಗಿನಿ, ಅಂದರೆ 10 ಶಿಲ್ಲಿಂಗು 6 ಪೆನ್ನಿ. ಬ್ಯಾನಿಸ್ಟರನ ಶಿಲ್ಲಿಂಗಿಗೆ ಹೋಲಿಸಿದರೆ ಇದು ಹತ್ತು ಪಾಲಿಗೂ ಮಿಕ್ಕಿದ್ದು. ಆದರೆ ಆ ಹಣವು ಹಾಂಡೆಲನ ಕೈಗೆ ಹೋಗಲಿಲ್ಲ. ಸಾಲ ತೀರಿಸಲಾರದೆ ಸೆರೆಮನೆಯಲ್ಲಿದ್ದವರ ಬಿಡುಗಡೆಗೂ ಆ ಊರಿನ ಎರಡು ಆಸ್ಪತ್ರೆಗಳಿಗೂ ಅದನ್ನು ಸಮನಾಗಿ ಹಂಚಬೇಕೆಂದು ಮೊದಲೇ ಗೊತ್ತುಮಾಡಿದ್ದರು.

ಆ ಶಾಲೆಯಲ್ಲಿ ಸುಮಾರು 600 ಮಂದಿಗೆ ಸ್ಥಳವಿತ್ತು. ಹೆಚ್ಚು ಮಂದಿ ಹಿಡಿಸಿದರೆ ಹೆಚ್ಚು ಹಣ ಕೂಡಿ ಬರುವುದಷ್ಟೆ. ಅದಕ್ಕೋಸ್ಕರ ಪತ್ರಿಕೆಯಲ್ಲಿ ಒಂದು ವಿಜ್ಞಾಪನೆಯನ್ನು ಮಾಡಿದರು: ಸ್ತ್ರೀಯರು ದಯವಿಟ್ಟು ಲಂಗದೊಳಗಿನ ಬಿದಿರಬುಟ್ಟಿಯಂಥ ಬಳೆಚೌಕಟ್ಟನ್ನು ಬಿಟ್ಟು ಬರಬೇಕು, ಪುರುಷರು ಸೊಂಟದ ಕತ್ತಿಯನ್ನು ಮನೆಯಲ್ಲಿಟ್ಟು ಬರಬೇಕು. ಹೀಗೆ ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಒತ್ತಿ ಕುಳಿತುಕೊಂಡದ್ದರಿಂದ ಸುಮಾರು 700 ಮಂದಿ ಹಿಡಿಸಿದರು. ಕೂಡಿದ ಹಣ ಸುಮಾರು 400 ಪೌಂಡು. ಅದರಿಂದ 142 ಮಂದಿ ಸಾಲಗಾರರಿಗೆ ಬಿಡುಗಡೆಯಾಯಿತು.

ನಾನು ಈ ಸಂಗತಿಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲಾ ಹುಡುಗಿಯರು ಲಂಗದ ಬಳೆಯ ವಿಷಯಕ್ಕೆ ನಗುತ್ತಾರೆ. ನಕ್ಕ ಮೇಲೆ ಆಲೋಚಿಸಿರಿ. ತನ್ನ ಪಕ್ಕದಲ್ಲಿ ಇನ್ನೊಬ್ಬಳು ಕುಳಿತುಕೊಳ್ಳಲೆಂದು ತನ್ನ ಡೌಲನ್ನು ಸ್ವಲ್ಪ ಕಳಚಿಟ್ಟು ಬರುವುದು ದೊಡ್ಡ ವಿಷಯವಲ್ಲವೇ?

ಇದೇ ಕೃತಿಯಿಂದ ನಮಗೆ ಇನ್ನೊಂದು ಪಾಠವೂ ದೊರೆಯುತ್ತದೆ. 1750ನೆಯ ಇಸವಿ ಮೇ 1ರಂದು ಲಂಡನಿನಲ್ಲಿ ತಬ್ಬಲಿ ಶಿಶುಗಳ ಪೋಷಣೆಗಾಗಿದ್ದ ಫೌಂಡ್ಲಿಂಗ್ ಆಸ್ಪತ್ರೆಯ ಸಹಾಯಾರ್ಥವಾಗಿ ಹಾಂಡೆಲನು ‘ಮೆಸ್ಸಾಯ’ವನ್ನು ನಡಿಸಿದನು. ಅಲ್ಲಿನ ಪ್ರಾರ್ಥನಾಲಯದಲ್ಲಿ ಹಿಡಿಸುವಷ್ಟು ಟಿಕೇಟುಗಳನ್ನೇ ಎಣಿಸಿ ಹೊರಡಿಸಿದ್ದರು. ಆದರೆ ದೊಡ್ಡ ಮನುಷ್ಯರನೇಕರು ಟಿಕೇಟಿಲ್ಲದೆ ಬಂದು ಬಾಗಿಲಲ್ಲೇ ಹಣ ಕೊಡುವೆವೆಂದು ಒತ್ತಾಯಮಾಡಿ ಒಳಗೆ ನುಗ್ಗಿದರು. ಮೊದಲೇ ಟಿಕೇಟು ಕೊಂಡಿದ್ದ ಕೆಲವರಿಗೆ ಸ್ಥಳವಿಲ್ಲದೆ ಅವರು ಹಿಂದಿರುಗಬೇಕಾಯಿತು. ಆಗ ಆಸ್ಪತ್ರೆಯವರು ಏನು ಮಾಡಿದರು? ಅದನ್ನು ಮುಚ್ಚಿಡದೆ ಪತ್ರಿಕೆಯಲ್ಲಿ ಒಪ್ಪಿಕೊಂಡು, ಅದೇ ತಿಂಗಳ 15ರಂದು ಕೃತಿಯನ್ನು ಪುನಃ ನಡಿಸಿ, ಹಿಂದಿರುಗಿದವರಿಗೆ ಅವರ ಹಳೆಯ ಟಿಕೇಟಿನಲ್ಲೇ ಪ್ರವೇಶ ಕೊಟ್ಟರು. ಆದಕಾರಣ ಟಿಕೇಟೆಂಬುದು ಒಂದು ಮಾತುಕೊಡುವಿಕೆ. ಕೊಂಡವನು ಹಣವನ್ನು ಸಲ್ಲಿಸಿದ್ದಾನೆ, ಮಾರಿದವನು ಸ್ಥಳವನ್ನು ಸಲ್ಲಿಸತಕ್ಕದ್ದು. ಮಾತಿಗೆ ತಪ್ಪಿದರೆ ತಿದ್ದಿಕೊಳ್ಳತಕ್ಕದ್ದು ಮಾರಿದವನ ಕರ್ತವ್ಯ. ಮೋಸಹೋದ ನಮ್ಮ ಹುಡುಗಿಯು ತನ್ನನ್ನೇ ದೂರಿಕೊಳ್ಳಬೇಕಾದದ್ದಿಲ್ಲ.

3. ವಿಯೆನ್ನಾದ ಲೆಕ್ಕ

ಆಸ್ಟ್ರಿಯ ದೇಶದ ವಿಯೆನ್ನಾ ಪಟ್ಟಣದಲ್ಲಿ ಸಂಗೀತಗಾರರು ತಾವೇ ಕಚೇರಿಯನ್ನು ಏರ್ಪಡಿಸಿ, ತಾವೇ ಟಿಕೇಟುಗಳನ್ನು ಮಾರಿ, ಲಾಭ ನಷ್ಟಗಳನ್ನು ತಾವೇ ಹೊರುತ್ತಿದ್ದರು. 1784ರ ಮಾರ್ಚಿ ತಿಂಗಳಲ್ಲಿ ಮೊಜಾರ್ಟನು ಮೂರು ಬುಧವಾರಗಳಲ್ಲಿ ಮೂರು ಕಚೇರಿಗಳನ್ನು ಗೊತ್ತುಮಾಡಿ, ಮೂರಕ್ಕೂ ಸೇರಿಸಿ ಆರು ಗುಲ್ಡೆನ್ ಚಂದಾವನ್ನು ಇಟ್ಟನು. ಅವನು ತನ್ನ ತಂದೆಗೆ ಕಳುಹಿಸಿದ ಪಟ್ಟಿಯಲ್ಲಿ 174 ಚಂದಾದಾರರ ಹೆಸರುಗಳಿದ್ದವು. ಆ ಸಂತೋಷ ಬಹುಕಾಲ ನಿಲ್ಲಲಿಲ್ಲ. 1789ರಲ್ಲಿ ಅವನು ಪುನಃ ಚಂದಾಪಟ್ಟಿಯನ್ನು ಹೊರಡಿಸಿದನು. ಎರಡು ವಾರಗಳ ಮೇಲೆ ನೋಡಿದರೆ ಅದರಲ್ಲಿ ಒಂದೇ ಹೆಸರಿತ್ತು, ವಾನ್ ಸ್ವೀಟನ್ ಎಂಬ ಪ್ರಭುವಿನದು. ಅದೇ ಮೊಜಾರ್ಟನು, ಅದೇ ಪಟ್ಟಣ. ಐದು ವರ್ಷಗಳಲ್ಲಿ ಅವನ ಸಂಗೀತ ಕೆಟ್ಟಿರಲಿಲ್ಲ, ಕೊಳ್ಳುವವರು ಚದರಿಹೋಗಿದ್ದರು.

ಬೇಥೊವೆನನ ಲೆಕ್ಕವನ್ನೂ ನೋಡಿರಿ. ಅವನ ಒಂಬತ್ತನೆಯ ಸಿಂಫನಿಯು 1824ನೆಯ ಇಸವಿ ಮೇ 7ರಂದು ಮೊದಲು ಕೇಳಬಂದಿತು. ನಾಟಕಶಾಲೆಯು ತುಂಬಿತ್ತು. ಕಿವಿ ಕೇಳದ ಅವನಿಗೆ ಚಪ್ಪಾಳೆಯ ಸದ್ದು ತಿಳಿಯದ್ದರಿಂದ ಗಾಯಕಿಯೊಬ್ಬಳು ಅವನನ್ನು ಸಭಿಕರ ಕಡೆಗೆ ತಿರುಗಿಸಬೇಕಾಯಿತೆಂಬ ಕಥೆಯನ್ನು ನೀವು ಕೇಳಿದ್ದೀರಿ. ಅದರ ಮುಂದಿನ ಕಥೆಯನ್ನು ಪುಸ್ತಕಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಅಂದಿನ ಒಟ್ಟು ಉತ್ಪತ್ತಿ 2,200 ಫ್ಲೋರಿನ್. ನಾಟಕಶಾಲೆಯ ಬಾಡಿಗೆ, ವಾದ್ಯಗಾರರಿಗಾಗಿ ಸ್ವರಪತ್ರಗಳನ್ನು ಕೈಬರಹದಲ್ಲಿ ನಕಲುಮಾಡಿಸಿದ ಕೂಲಿ ಮುಂತಾದುವನ್ನು ಕಳೆದ ಮೇಲೆ ಉಳಿದದ್ದು 420 ಫ್ಲೋರಿನ್, ಅಂದರೆ ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದೇ ತಿಂಗಳ 23ರಂದು ಆದಿತ್ಯವಾರ ಮಧ್ಯಾಹ್ನ ಎರಡನೆಯ ಸಾರಿ ನಡಿಸಿದಾಗ, ಹವೆಯು ಬಹಳ ಚೆನ್ನಾಗಿದ್ದದರಿಂದ ಜನರು ತಿರುಗಾಟಕ್ಕೆ ಹೊರಟುಹೋಗಿ ಶಾಲೆಯು ಅರ್ಧವೂ ತುಂಬಲಿಲ್ಲ.

ಟಿಕೇಟು ಯಾಕೆ ಇಷ್ಟು ದುಬಾರಿ ಎಂದು ಕೇಳುವ ತಂದೆತಾಯಂದಿರಿಗೆ ಈ ಲೆಕ್ಕವೇ ಉತ್ತರ. ಪಿಟೀಲುಗಳ ಜಾತಿಯ ತಂತಿವಾದ್ಯಗಳು, ಕೊಳಲಿನ ಜಾತಿಯ ಮರದ ವಾದ್ಯಗಳು, ಹಿತ್ತಾಳೆಯ ಕೊಂಬುಗಳು ಮತ್ತು ತುತೂರಿಗಳು, ಭೇರಿಗಳು, ಇವೆಲ್ಲಾ ಸೇರಿದ ಪೂರ್ಣ ವಾದ್ಯವೃಂದದಲ್ಲಿ 80ರಿಂದ 100 ಮಂದಿ ಇರುವುದುಂಟು. ನಮ್ಮ ಕಚೇರಿಯಲ್ಲಿ ಗಾಯಕ, ಪಿಟೀಲು, ಮೃದಂಗ, ತಂಬೂರಿ ಸೇರಿದರೆ ವೇದಿಕೆ ತುಂಬಿತು. ಅಲ್ಲಿಯಾದರೋ ಒಂದು ಸಣ್ಣ ಊರೇ ವೇದಿಕೆಯನ್ನೇರುತ್ತದೆ. ಅವರೆಲ್ಲರಿಗೂ ಸಂಬಳ, ಅಭ್ಯಾಸದ ದಿವಸಗಳ ಖರ್ಚು, ಶಾಲೆಯ ಬಾಡಿಗೆ ಇವು ಆಗಬೇಕು. ಟಿಕೇಟಿನ ಹಣವೊಂದರಿಂದಲೇ ಇದು ಸಾಗುವುದು ವಿರಳ. ಉಳಿದದ್ದನ್ನು ಯಾರಾದರೂ ಹೊರಲೇ ಬೇಕು.

ಹಾಗೆ ಹೊತ್ತವರಲ್ಲಿ ನಮ್ಮ ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರವರು ಒಬ್ಬರೆಂಬುದನ್ನು ನಮ್ಮ ಹುಡುಗಿಯರಲ್ಲಿ ಎಷ್ಟು ಮಂದಿ ಬಲ್ಲರು? ಪಿಯಾನೋ ವಾದ್ಯವನ್ನು ಶಾಸ್ತ್ರೀಯವಾಗಿ ಕಲಿತಿದ್ದ ಅವರು 1948ರಲ್ಲಿ ಲಂಡನಿನ ಫಿಲ್‌ಹಾರ್ಮೋನಿಯಾ ಕಚೇರಿ ಸಂಘದ ಪ್ರಥಮ ಅಧ್ಯಕ್ಷರಾದರು. ಜರ್ಮನಿಯ ರಿಚರ್ಡ್ ಸ್ಟ್ರೌಸನು ತನ್ನ ಕೊನೆಗಾಲದಲ್ಲಿ ರಚಿಸಿದ ನಾಲ್ಕು ಗೀತಗಳು 1950ನೆಯ ಇಸವಿ ಮೇ 22ರಂದು ಲಂಡನಿನ ಆಲ್ಬರ್ಟ್ ಶಾಲೆಯಲ್ಲಿ ಮೊದಲು ಕೇಳಬಂದಾಗ, ಆ ಕಚೇರಿಯ ಖರ್ಚಿಗೆ 4,800 ಡಾಲರುಗಳ ಹೊಣೆಯನ್ನು ಹೊತ್ತವರು ಅವರೇ. ಆ ರಾತ್ರಿ ಟಿಕೇಟು ಕೊಂಡು ಕುಳಿತ ಲಂಡನಿನವರಲ್ಲಿ ಒಬ್ಬೊಬ್ಬರ ಟಿಕೇಟಿನಲ್ಲೂ ಮೈಸೂರಿನ ಪಾಲು ಸ್ವಲ್ಪ ಇದ್ದಿತು.

4. ನಿಂತು ಕೇಳುವ ಟಿಕೇಟು

ಈಗ ಹಣವಿಲ್ಲದವರ ವಿಷಯಕ್ಕೆ ಬರೋಣ. 1895ನೆಯ ಇಸವಿ ಆಗಸ್ಟ್ 10ರಂದು ಲಂಡನಿನ ಕ್ವೀನ್ಸ್ ಹಾಲ್ ಎಂಬಲ್ಲಿ ರಾಬರ್ಟ್ ನ್ಯೂಮನ್ ಎಂಬ ವ್ಯವಸ್ಥಾಪಕನು ಹೆನ್ರಿ ವುಡ್ ಎಂಬ ತರುಣ ನಿರ್ದೇಶಕನೊಡನೆ ಕೂಡಿ ಬೇಸಗೆಯ ಕಚೇರಿಗಳನ್ನು ಆರಂಭಿಸಿದನು. ನೆಲದ ಮೇಲಣ ಕುರ್ಚಿಗಳನ್ನು ತೆಗೆದುಹಾಕಿ ಜನರು ನಿಂತು ಕೇಳುವಂತೆ ಮಾಡಿ, ಬೆಲೆಯನ್ನು ಒಂದು ಶಿಲ್ಲಿಂಗಿಗೆ ಇಳಿಸಿದನು. ಇಡೀ ಋತುವಿನ ಟಿಕೇಟಿಗೆ ಒಂದು ಗಿನಿ. ಆ ವರ್ಷ ಅಕ್ಟೋಬರ್ 5ರ ವರೆಗೆ 49 ಕಚೇರಿಗಳು ನಡೆದವು. ಲೆಕ್ಕಹಾಕಿ ನೋಡಿರಿ: ಒಂದು ಗಿನಿಯೆಂದರೆ 21 ಶಿಲ್ಲಿಂಗು, ಅಂದರೆ 252 ಪೆನ್ನಿ. 49ರಿಂದ ಭಾಗಿಸಿದರೆ ಒಂದೊಂದು ಕಚೇರಿಗೆ ಸುಮಾರು 5 ಪೆನ್ನಿ. ಅಂಗಡಿಯ ಗುಮಾಸ್ತನೂ ಹೊಲಿಗೆಯ ಹುಡುಗಿಯೂ ಕೊಡಬಹುದಾದ ಬೆಲೆ ಅದು. ಜನರಿಗೆ ಮೊದಲು ಹಗುರವಾದ ಸಂಗೀತವನ್ನು ಕೊಟ್ಟು, ಮೆಲ್ಲಮೆಲ್ಲನೆ ಘನವಾದದ್ದಕ್ಕೆ ಅವರ ಕಿವಿಯನ್ನು ಪಳಗಿಸಬೇಕೆಂಬುದು ನ್ಯೂಮನನ ಉದ್ದೇಶವಾಗಿತ್ತು. ಉಪಾಧ್ಯಾಯಿನಿಯರಿಗೆ ಈ ಕ್ರಮವು ಹೊಸದೇನಲ್ಲ.

1941ರ ಮೇ ತಿಂಗಳಲ್ಲಿ ಕ್ವೀನ್ಸ್ ಹಾಲ್ ವಿಮಾನದಾಳಿಯಿಂದ ಸುಟ್ಟುಹೋಯಿತು. ಕಚೇರಿಗಳು ಮಾತ್ರ ನಿಲ್ಲಲಿಲ್ಲ. ಅದೇ ವರ್ಷ ಅವು ಆಲ್ಬರ್ಟ್ ಶಾಲೆಗೆ ಹೋದವು, ಇಂದಿಗೂ ಪ್ರತಿ ಬೇಸಗೆಯಲ್ಲಿ ಅಲ್ಲಿ ನಡೆಯುತ್ತಿವೆ. ನಿಂತು ಕೇಳುವ ಟಿಕೇಟೂ ಉಳಿದಿದೆ. 2024ರಲ್ಲಿ ಅದರ ಬೆಲೆ 8 ಪೌಂಡು. ಅದೇ ಶಾಲೆಯ ಒಳ್ಳೆಯ ಆಸನಗಳಿಗೆ ಇದರ ಅನೇಕ ಪಾಲು ಬೆಲೆಯುಂಟು. ಆದರೆ ವೇದಿಕೆಗೆ ಅತಿ ಸಮೀಪವಾಗಿರುವವರು ಈ 8 ಪೌಂಡಿನವರೇ.

ವಿಯೆನ್ನಾದಲ್ಲಿ 1870ರಲ್ಲಿ ತೆರೆದ ಸಂಗೀತ ಸಂಘದ ಸುವರ್ಣ ಶಾಲೆಯಲ್ಲಿಯೂ ಸುಮಾರು 1,700 ಆಸನಗಳ ಹಿಂದೆ 300 ಮಂದಿ ನಿಂತು ಕೇಳುವ ಸ್ಥಳವಿದೆ. ಅಲ್ಲಿ ಹೊಸ ವರ್ಷದ ದಿವಸ ನಡೆಯುವ ಪ್ರಸಿದ್ಧ ಕಚೇರಿಗೆ ಕೇಳುವವರು ಅತಿಯಾಗಿರುವುದರಿಂದ, ಹಿಂದಿನ ವರ್ಷವೇ ಹೆಸರುಗಳನ್ನು ತೆಗೆದುಕೊಂಡು ಚೀಟಿ ಎತ್ತಿ ಟಿಕೇಟು ಕೊಳ್ಳುವ ಅವಕಾಶವನ್ನು ಹಂಚುತ್ತಾರೆ. ಚೀಟಿ ಎತ್ತುವಲ್ಲಿ ಬಡವ ಬಲ್ಲಿದನೆಂಬ ಭೇದವಿಲ್ಲ, ಆದರೆ ಚೀಟಿ ಬಿದ್ದ ಮೇಲೆ ಬೆಲೆಯನ್ನು ಕೊಡಬೇಕಷ್ಟೆ. ನಮ್ಮ ದೇಶದಲ್ಲಿಯೇ ಪೂರ್ಣ ವಾದ್ಯವೃಂದವನ್ನು ಕೇಳಬೇಕೆಂಬವರು ಮುಂಬಯಿಗೆ ಹೋಗಬಹುದು. 2006ರಲ್ಲಿ ಅಲ್ಲಿ ಸ್ಥಾಪಿತವಾದ ಭಾರತೀಯ ಸಿಂಫನಿ ವಾದ್ಯವೃಂದವು ನರಿಮನ್ ಪಾಯಿಂಟಿನ ರಾಷ್ಟ್ರೀಯ ಕಲಾಕೇಂದ್ರದಲ್ಲಿ ಕಚೇರಿಗಳನ್ನು ನಡಿಸುತ್ತದೆ.

5. ಕೊಳ್ಳುವ ಕ್ರಮ

ಇನ್ನು ಮೊದಲನೆಯ ಪ್ರಶ್ನೆಗೆ ಉತ್ತರ. ಇದನ್ನು ಕತ್ತರಿಸಿ ಇಟ್ಟುಕೊಂಡರೂ ನನಗೆ ಸಂತೋಷವೇ.

ಒಂದನೆಯದು, ಟಿಕೇಟನ್ನು ಕಚೇರಿ ನಡೆಯುವ ಶಾಲೆಯ ಕಿಟಕಿಯಲ್ಲಿ, ಇಲ್ಲವೆ ಆ ಶಾಲೆಯವರ ಅಥವಾ ವಾದ್ಯವೃಂದದವರ ಸ್ವಂತ ಜಾಲತಾಣದಲ್ಲಿಯೇ ಕೊಳ್ಳಿರಿ. ಅಪರಿಚಿತರಿಂದ ಕೊಳ್ಳಬೇಡಿರಿ. ಈಗಿನ ಟಿಕೇಟಿನಲ್ಲಿ ಕಪ್ಪು ಬಿಳುಪಿನ ಗುರುತೊಂದು ಇರುತ್ತದೆ. ಬಾಗಿಲಿನ ಯಂತ್ರವು ಅದನ್ನು ಒಂದೇ ಸಾರಿ ಒಪ್ಪುತ್ತದೆ. ಒಂದೇ ಟಿಕೇಟಿನ ಚಿತ್ರವನ್ನು ಹತ್ತು ಮಂದಿಗೆ ಮಾರಿದರೆ ಮೊದಲು ಬಂದವನು ಒಳಗೆ, ಉಳಿದ ಒಂಬತ್ತು ಮಂದಿ ಮೆಟ್ಟಿಲ ಮೇಲೆ. ಅದೇ ಕಾರಣದಿಂದ ನಿಮ್ಮ ಟಿಕೇಟಿನ ಚಿತ್ರವನ್ನು ಸಂತೋಷದ ಭರದಲ್ಲಿ ಎಲ್ಲರಿಗೂ ಕಳುಹಿಸಬೇಡಿರಿ.

ಎರಡನೆಯದು, ಟಿಕೇಟುಗಳು ತೀರಿದವೆಂದರೆ ಆಸೆ ಬಿಡಬೇಡಿರಿ. ಬರಲಾಗದವರು ಹಿಂದಕ್ಕೆ ಕೊಟ್ಟ ಟಿಕೇಟುಗಳನ್ನು ಅನೇಕ ಶಾಲೆಗಳಲ್ಲಿ ಆ ದಿವಸವೇ ಕಿಟಕಿಯಲ್ಲಿ ಪುನಃ ಮಾರುತ್ತಾರೆ. ಒಂದು ಗಂಟೆ ಮುಂಚಿತವಾಗಿ ಹೋಗಿ ಸಾಲಿನಲ್ಲಿ ನಿಂತು ವಿಚಾರಿಸಿರಿ.

ಮೂರನೆಯದು, ಬೆಲೆ ಹೆಚ್ಚಾದ ಆಸನದಲ್ಲಿ ಸಂಗೀತವೂ ಹೆಚ್ಚು ಚೆನ್ನಾಗಿ ಕೇಳುವುದೆಂದು ತಿಳಿಯಬೇಡಿರಿ. ಮೊದಲ ಸಾಲಿನಲ್ಲಿ ಕುಳಿತವಳಿಗೆ ಹತ್ತಿರದ ಪಿಟೀಲುಗಳೇ ಕಿವಿ ತುಂಬಿ, ಹಿಂದಣ ಕೊಂಬುಗಳು ಮರೆಯಾಗುತ್ತವೆ. ಒಳ್ಳೆಯ ಶಾಲೆಗಳಲ್ಲಿ ಮೇಲಣ ಅಂತಸ್ತಿನ ಅಗ್ಗದ ಸ್ಥಳಗಳಿಗೆ ಎಲ್ಲಾ ವಾದ್ಯಗಳ ನಾದವೂ ಬೆರೆತು ಏರಿಬರುತ್ತದೆ. ಕೆಲವು ಕಡೆ ವೇದಿಕೆಯ ಹಿಂದೆಯೂ ಆಸನಗಳಿವೆ. ಅಲ್ಲಿ ಕುಳಿತವರು ನಿರ್ದೇಶಕನ ಮುಖವನ್ನು ವಾದ್ಯಗಾರರು ಕಾಣುವಂತೆಯೇ ಕಾಣಬಹುದು. ಆದರೆ “ನೋಟಕ್ಕೆ ತಡೆಯುಂಟು” ಎಂದು ಟಿಕೇಟಿನಲ್ಲಿ ಬರೆದಿದ್ದರೆ ಕಂಬವೋ ಕಟಕಟೆಯೋ ಅಡ್ಡವಿದೆಯೆಂದು ತಿಳಿಯಿರಿ. ಒಮ್ಮೆ ಇದನ್ನು ಓದದೆ ಕೊಂಡು, ಎರಡು ಗಂಟೆ ಒಂದು ಕಂಬದ ಸುಣ್ಣವನ್ನು ನೋಡುತ್ತಾ ಕುಳಿತವಳು ನಾನೇ.

ನಾಲ್ಕನೆಯದು, ವಿದ್ಯಾರ್ಥಿಗಳಿಗೂ ಎಳೆಯ ಪ್ರಾಯದವರಿಗೂ ಬೆಲೆಯಲ್ಲಿ ರಿಯಾಯಿತಿ ಇದೆಯೇ ಎಂದು ಕೇಳಿರಿ. ಕೇಳುವುದಕ್ಕೆ ನಾಚಬೇಡಿರಿ. ಹಲವು ಕಚೇರಿಗಳಿಗೆ ಒಟ್ಟಿಗೆ ಚಂದಾ ಕೊಟ್ಟರೆ ಒಂದೊಂದರ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ.

ಐದನೆಯದು, ಹಣ ಕೊಡುವ ಮುಂಚೆ ತಾರೀಕು, ಗಂಟೆ, ಬಾಗಿಲು, ಸಾಲು, ಆಸನದ ಸಂಖ್ಯೆ ಇವನ್ನು ಗಟ್ಟಿಯಾಗಿ ಓದಿರಿ. ಅರ್ಧ ಗಂಟೆ ಮೊದಲೇ ಹೋಗಿರಿ. ಗಂಟೆ ಮೀರಿ ಬಂದವರನ್ನು ಕೃತಿಯ ನಡುವೆ ಬಿಡುವುದಿಲ್ಲ, ವಿರಾಮದ ವರೆಗೆ ಹೊರಗೆ ಕಾಯಿಸುತ್ತಾರೆ.

ಆರನೆಯದು, ಸಿಂಫನಿಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ. ಈಗಿನ ವಾಡಿಕೆಯಂತೆ ನಾಲ್ಕೂ ಮುಗಿದ ಮೇಲೆಯೇ ಚಪ್ಪಾಳೆ. ತಿಳಿಯದೆ ನಡುವೆ ತಟ್ಟಿದರೆ ಅವಮಾನಪಡಬೇಡಿರಿ. 1778ರಲ್ಲಿ ಪ್ಯಾರಿಸಿನ ಜನರು ತನ್ನ ಸಿಂಫನಿಯ ಒಂದು ಭಾಗದ ನಡುವೆಯೇ ಚಪ್ಪಾಳೆ ತಟ್ಟಿದರೆಂದು ಮೊಜಾರ್ಟನು ತಂದೆಗೆ ಹಿಗ್ಗಿನಿಂದ ಬರೆದಿದ್ದಾನೆ.

6. ಎರಡನೆಯ ಪ್ರಶ್ನೆ

ನಮ್ಮಂಥವರಿಗೆ ಇದು ಯಾಕೆ ಬೇಕು? ಈ ಮಾತು ಆ ಹುಡುಗಿಯ ಮನಸ್ಸಿಗೆ ಎಲ್ಲಿಂದ ಬಂದಿತೆಂದು ವಿಚಾರಿಸುತ್ತಾ ಹೋದಾಗ, ಅದು ನನ್ನ ಬಾಗಿಲಿಗೇ ಬಂದು ನಿಂತಿತು.

ಕೆಲವು ವರ್ಷಗಳ ಹಿಂದೆ, ಒಂದು ದೊಡ್ಡ ಪಟ್ಟಣಕ್ಕೆ ಪರದೇಶದ ವಾದ್ಯವೃಂದವೊಂದು ಬಂದಿತ್ತು. ನಮ್ಮ ಗಾಯನ ಮೇಳದ ಹುಡುಗಿಯರನ್ನು ಕರೆದುಕೊಂಡು ಹೋಗಬೇಕೆಂದು ನಾನು ನಿಶ್ಚಯಿಸಿದೆನು. ಮೇಳದಲ್ಲಿ 22 ಮಂದಿ. ಟಿಕೇಟಿನ ಹಣವನ್ನೂ ರೈಲಿನ ಹಣವನ್ನೂ ಮೂರು ದಿವಸಗಳಲ್ಲಿ ತರಬೇಕೆಂದು ಚೀಟಿ ಕಳುಹಿಸಿದೆನು. 14 ಮಂದಿ ತಂದರು. ಆ 14 ಮಂದಿಯನ್ನು ಕರೆದುಕೊಂಡು ಹೋದೆನು. ಉಳಿದ ಎಂಟು ಮಂದಿಯ ಮನೆಗಳಿಗೆ ಹೋಗಿ ಮಾತಾಡಲು ನನಗೆ ಬಿಡುವಿರಲಿಲ್ಲವೆಂದು ಆಗ ನನಗೆ ನಾನೇ ಹೇಳಿಕೊಂಡೆನು.

ನಾವು ಹಿಂದಿರುಗಿದ ಮಾರಣೆಯ ದಿವಸ, ಆ ಎಂಟು ಮಂದಿಯಲ್ಲಿ ಒಬ್ಬಳು ವರಾಂಡದಲ್ಲಿ ನನ್ನನ್ನು ಕಂಡು, “ಟೀಚರ್, ಪಿಟೀಲುಗಳು ಎಷ್ಟಿದ್ದವು?” ಎಂದು ಕೇಳಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ತಿಳಿಯಬೇಕೆಂಬ ಆಸೆ ಮಾತ್ರ ಇತ್ತು. ನಾನು ಎಣಿಸಿರಲಿಲ್ಲ. ಅವಳು ಬಂದಿದ್ದರೆ ಎಣಿಸುತ್ತಿದ್ದಳು.

ಅಂದು ನಾನು ಆ ಎಂಟು ಮಂದಿಗೆ ಬಾಯಿಂದ ಹೇಳದೆ ಕಲಿಸಿದ ಪಾಠವು ಇದೇ: ಇದು ನಿಮ್ಮಂಥವರಿಗಲ್ಲ. ಲಂಡನಿನಿಂದ ಬರೆದವಳು ಆ ಎಂಟು ಮಂದಿಯಲ್ಲಿ ಸೇರಿದವಳಲ್ಲ. ಆದರೂ ಅವಳ ಕಾಗದವನ್ನು ಓದಿದಾಗ ಆ ಪಾಠವು ನಮ್ಮ ಶಾಲೆಯಲ್ಲಿ ಎಷ್ಟು ದೂರ ಹರಡಿತೆಂದು ನಾನು ಕಂಡುಕೊಂಡೆನು.

ತಂದೆತಾಯಂದಿರೇ, ಮನೆಯ ಖರ್ಚಿಗೆ ಸಾಲದಿರುವಾಗ ಕಚೇರಿಯ ಟಿಕೇಟನ್ನು ಕೊಳ್ಳಿರೆಂದು ನಾನು ಹೇಳುವವಳಲ್ಲ. ತಾಯಿಯ ಔಷಧಕ್ಕೆ ಇಟ್ಟ ಹಣವನ್ನು ಪಿಟೀಲಿಗೆ ಕೊಡತಕ್ಕದ್ದಲ್ಲ. ಆದರೆ “ಈಗ ಸಾಧ್ಯವಿಲ್ಲ” ಎನ್ನುವುದು ಬೇರೆ, “ನಮಗಲ್ಲ” ಎನ್ನುವುದು ಬೇರೆ. ಮೊದಲನೆಯದು ಲೆಕ್ಕದ ಮಾತು, ನಾಳೆ ಬದಲಾಗಬಹುದು. ಎರಡನೆಯದು ಒಮ್ಮೆ ಮನಸ್ಸಿನಲ್ಲಿ ಬೇರೂರಿದರೆ, ಹುಡುಗಿಗೆ ಕೈತುಂಬ ಸಂಬಳ ಬಂದ ಮೇಲೆಯೂ ಅವಳನ್ನು ಮೆಟ್ಟಿಲ ಮೇಲೆಯೇ ಕುಳ್ಳಿರಿಸುತ್ತದೆ.

ಆ ವಿದ್ಯಾರ್ಥಿನಿಗೆ ನಾನು ಇದನ್ನೇ ಬರೆದು, ನಿಂತು ಕೇಳುವ ಟಿಕೇಟಿನ ವಿಷಯವನ್ನೂ ತಿಳಿಸಿದೆನು. ಬೇಸಗೆಯಲ್ಲಿ ಅವಳಿಂದ ಉತ್ತರ ಬಂದಿತು. ರಾತ್ರಿಯ ಕೆಲಸ ಮುಗಿಸಿ, ಸ್ವಲ್ಪ ನಿದ್ರೆ ಮಾಡಿ, ಬೇಥೊವೆನನ ಸಿಂಫನಿಯೊಂದನ್ನು ನಿಂತುಕೊಂಡೇ ಕೇಳಿದಳಂತೆ. “ವಾರ್ಡಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಕಾಲುಗಳಿಗೆ ಎರಡು ಗಂಟೆ ಏನು ದೊಡ್ಡದು ಟೀಚರಮ್ಮಾ” ಎಂದು ಬರೆದಿದ್ದಾಳೆ. ತಾಯಿಗೆ ಕಳುಹಿಸುವ ಹಣದಲ್ಲಿ ಆ ತಿಂಗಳೂ ಕಡಿಮೆಯಾಗಲಿಲ್ಲವಂತೆ.

ಈಗ ನಮ್ಮ ಶಾಲೆಯಲ್ಲಿ ಒಂದು ನಿಯಮವುಂಟು. ಮೇಳವು ಎಲ್ಲಿಗಾದರೂ ಹೋಗುವುದಾದರೆ ಎಲ್ಲರೂ ಹೋಗಬೇಕು. ಒಬ್ಬಳಿಗೆ ಟಿಕೇಟಿಲ್ಲದಿದ್ದರೆ ಯಾರೂ ಹೊರಡುವುದಿಲ್ಲ. ಇದಕ್ಕೋಸ್ಕರ ನನ್ನ ಮೇಜಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬಿಯನ್ನು ಇಟ್ಟಿದ್ದೇನೆ. ಹಳೆಯ ವಿದ್ಯಾರ್ಥಿನಿಯರೇ, ನೀವು ಯಾವ ಊರಿನಲ್ಲಿದ್ದರೂ, ನಿಮಗಾಗಿ ಒಂದು ಟಿಕೇಟು ಕೊಂಡಾಗ ಇಲ್ಲಿನ ಒಬ್ಬ ಹುಡುಗಿಯನ್ನು ನೆನೆಸಿ ಸ್ವಲ್ಪ ಏನಾದರೂ ಅದಕ್ಕೆ ಕಳುಹಿಸಿರಿ. ಡಬ್ಲಿನಿನ ಸ್ತ್ರೀಯರು ಲಂಗದ ಬಳೆಯನ್ನು ಮನೆಯಲ್ಲಿಟ್ಟು ಬಂದದ್ದರಿಂದ ನೂರು ಮಂದಿಗೆ ಸ್ಥಳವಾಯಿತು. ನಮಗೆ ಬೇಕಾದದ್ದು ಎಂಟು ಮಂದಿಗೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. 2,200 ಫ್ಲೋರಿನ್ ಉತ್ಪತ್ತಿಯಲ್ಲಿ 420 ಉಳಿದರೆ ಖರ್ಚಾದದ್ದೆಷ್ಟು? ಅದು ನೂರಕ್ಕೆ ಎಷ್ಟು ಪಾಲು?

2. ಫೌಂಡ್ಲಿಂಗ್ ಆಸ್ಪತ್ರೆಯವರು 1750ರಲ್ಲಿ ತಮ್ಮ ತಪ್ಪನ್ನು ಹೇಗೆ ತಿದ್ದಿಕೊಂಡರು? ನೀವು ಯಾರಿಗಾದರೂ ಕೊಟ್ಟ ಮಾತು ತಪ್ಪಿದಾಗ ಹಾಗೆ ತಿದ್ದಿಕೊಂಡದ್ದುಂಟೇ?

3. ಮುಂದಿನ ಸಾರಿ ವಾದ್ಯವೃಂದವನ್ನು ಕೇಳಲು ಹೋದಾಗ ಪಿಟೀಲುಗಳನ್ನು ಎಣಿಸಿ, ಬರಲಾಗದವಳಿಗೆ ತಪ್ಪದೆ ತಿಳಿಸಿರಿ.

— ಮುಖ್ಯೋಪಾಧ್ಯಾಯಿನಿ